ನರಸಾಪುರದ ಬಳಿ ಹಾರಿದ ವ್ಯಾನು

ವೈಟ್‌ಫೀಲ್ಡಿನ ಆಫೀಸಿನಲ್ಲಿ ನನ್ನ ಕೆಲಸ, ಫ್ಯಾಕ್ಟರಿಗಳಿಗೆ ಜನರನ್ನು ಸಾಗಿಸುವ ವ್ಯಾನುಗಳನ್ನು ನಕ್ಷೆಯ ಮೇಲೆ ಕಾಯುವುದು. ದನ ಕಾಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಎಸಿ ಇದೆ. ಒಂದು ದಿನ ನಮ್ಮ ಸಾಫ್ಟ್‌ವೇರು ಮಹಾ ಅಪರಾಧವೊಂದನ್ನು ಪತ್ತೆಹಚ್ಚಿತು. ಕೋಲಾರದ ಕಡೆ ಹೊಸದಾಗಿ ಹಾಕಿದ್ದ ವ್ಯಾನು ನರಸಾಪುರದ ಹತ್ತಿರ ಅರ್ಧ ನಿಮಿಷದಲ್ಲಿ ಆರುನೂರೈವತ್ತು ಕಿಲೋಮೀಟರ್ ಓಡಿತ್ತು! ಅತಿವೇಗವೆಂದು ಸಾಫ್ಟ್‌ವೇರು ತಾನೇ ಅದರ ಚಾಲಕರನ್ನು ಕೆಲಸದಿಂದ ನಿಲ್ಲಿಸಿತು. ವಿಮಾನಕ್ಕೂ ಆಗದ್ದನ್ನು ಮಾಡಿದವರಿಗೆ ಒಂದು ಶಾಲು ಹೊದಿಸಬಹುದಿತ್ತು.

ಚಾಲಕರು ವರ್ತೂರು ಕಡೆಯವರು, ನನಗಿಂತ ಹಿರಿಯರು. ಆಫೀಸಿಗೇ ಬಂದರು.

"ಎಂಬತ್ತು ದಾಟುದ್ರೆ ಬಾಗ್ಲೇ ಅದುರ್ತದೆ ಸಾರ್ ನನ್ ಗಾಡೀಲಿ. ನಾನೆಂಗೆ ಅಷ್ಟ್ ಜೋರಾಗಿ ಓಡ್ಸಲಿ? ಕೆಲ್ಸ ಓಯ್ತು ಅಂದ್ರೆ ನಮ್ ಗತಿ ಏನು?"

"ಸಿಸ್ಟಮ್ ಸುಮ್‌ಸುಮ್ನೆ ಹೇಳಲ್ಲ ಕಣ್ರೀ," ಎಂದರು ನಮ್ಮ ಮ್ಯಾನೇಜರ್, ಬಹಳ ಗಂಭೀರವಾಗಿ.

ನಾನು ಕೋಡ್ ಬಿಚ್ಚಿ ಕೂತೆ. ಭೂಮಿ ಗುಂಡಗಿದೆ, ಪರದೆ ಚಪ್ಪಟೆ. ಅದಕ್ಕೇ ಲೆಕ್ಕದವರು ಭೂಮಿಯನ್ನು ಕಿತ್ತಳೆಯ ಹಾಗೆ ತೊಳೆ ತೊಳೆಯಾಗಿ ಬಿಡಿಸಿ ಚಪ್ಪಟೆ ಮಾಡುತ್ತಾರೆ. ಪ್ರತಿ ತೊಳೆಯಲ್ಲೂ ದೂರದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಬೆಂಗಳೂರಿನ ತೊಳೆ ಮುಗಿಯುವುದು ಎಪ್ಪತ್ತೆಂಟನೇ ರೇಖಾಂಶದಲ್ಲಿ, ಅಂದರೆ ನರಸಾಪುರದ ಮಗ್ಗುಲಲ್ಲೇ. ವ್ಯಾನು ಆ ಗೆರೆ ದಾಟಿದಾಗ ನಮ್ಮ ಕೋಡು ಈ ತೊಳೆಯ ಅಂಕಿಯಿಂದ ಆ ತೊಳೆಯ ಅಂಕಿಯನ್ನು ಕಳೆದು, ಬಂದದ್ದೇ ದೂರ ಎಂದು ನಂಬಿತ್ತು. ಬರೆದ ಪುಣ್ಯಾತ್ಮ ಎಂದೋ ಬೇರೆ ಕಂಪನಿ ಸೇರಿದ್ದ. ಎಲ್ಲವನ್ನೂ ಒಂದೇ ತೊಳೆಯಲ್ಲಿ ಅಳೆಯುವಂತೆ ತಿದ್ದಿದೆ. ವ್ಯಾನು ನೆಲಕ್ಕಿಳಿಯಿತು.

ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಆದರೆ ನಿಲ್ಲಿಸಿದ ಚಾಲಕರನ್ನು ವಾಪಸ್ ತೆಗೆದುಕೊಳ್ಳಲು ಸಿಸ್ಟಮ್ಮಿನಲ್ಲಿ ಇದ್ದದ್ದು ಒಂದೇ ದಾರಿ: ಚಾಲಕರ ತಪ್ಪೊಪ್ಪಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪು ನಮ್ಮದು ಎನ್ನುವ ಬಟನ್ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದನ್ನು ನಾನೇ ಮಾಡಿಕೊಡುತ್ತೇನೆ ಎಂದೆ.

"ಅದಕ್ಕೆ ಅಪ್ರೂವಲ್ ಬೇಕು ಗುರು. ಮುಂದಿನ್ ತಿಂಗ್ಳು ನೋಡಣ."

ನನಗೆ ಮೈಯೆಲ್ಲ ಉರಿಯಿತು. ಸಹಿ ಹಾಕಬೇಡಿ ಎಂದು ಚಾಲಕರಿಗೆ ಹೇಳಿದೆ.

"ಮುಂದಿನ್ ತಿಂಗ್ಳುಗಂಟ ಮನೇಲಿ ಏನ್ ತಿನ್ನಾದು ಸಾರ್?" ಎಂದರು. 'ಇನ್ನು ಮುಂದೆ ಇಷ್ಟು ವೇಗವಾಗಿ ಓಡಿಸುವುದಿಲ್ಲ' ಎಂಬುದರ ಕೆಳಗೆ, ಫೋನಿನ ಗಾಜಿನ ಮೇಲೆ ಬೆರಳಿನಿಂದಲೇ ಸಹಿ ಎಳೆದರು.

ತಕ್ಷಣ ಸಂದೇಶ ಬಂತು: ಈ ಬಾರಿ ನಿಮ್ಮನ್ನು ಕ್ಷಮಿಸಲಾಗಿದೆ.