ಟಿವಿಯಲ್ಲಿ ತೆರೆಯದ ಗೃಹಪ್ರವೇಶ

ಶಿವಾಜಿನಗರದ ಗಲ್ಲಿಯೊಂದರಲ್ಲಿ ನನ್ನ ಸ್ಟುಡಿಯೋ ಇದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆಯುತ್ತ ಶುರು ಮಾಡಿದವನು ನಾನು. ರೀಲು ಹೋಯಿತು, ಡಿಜಿಟಲ್ ಕಲಿತೆ. ಕಂಪ್ಯೂಟರ್ ಬಂತು, ಅದನ್ನೂ ಕಲಿತೆ. ಯಾರ ಮುಂದೆಯೂ ಕೈಕಟ್ಟಿ ನಿಲ್ಲಲಿಲ್ಲ. ಇನ್ನು ಕಲಿಯುವುದು ಮುಗಿಯಿತು ಅಂದುಕೊಂಡು ಹೊಸ ಕ್ಯಾಮೆರಾ ತಂದರೆ, ಅದರ ಮೆನುವಿನಲ್ಲಿ ಜೆಪಿಜಿ ಪಕ್ಕದಲ್ಲೇ ಇನ್ನೊಂದು ಹೆಸರು ಕೂತಿತ್ತು.

ಫೋಟೊ ಯಾವ ಬಗೆಯ ಫೈಲಾಗಿ ಉಳಿಯಬೇಕು ಎಂಬ ಆಯ್ಕೆ ಅದು. ಇಷ್ಟು ವರ್ಷ ನನಗೆ ಫೋಟೊ ಅಂದರೆ ಜೆಪಿಜಿ. ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಸುಳ್ಳೇಕೆ ಹೇಳಲಿ, ಹೊಸದೇ ಚೆನ್ನಾಗಿತ್ತು. ಆಕಾಶ ಪಟ್ಟೆಪಟ್ಟೆಯಾಗದೆ ನಯವಾಗಿತ್ತು, ಫೈಲೂ ಚಿಕ್ಕದು. ಕೆ.ಆರ್. ಪುರದ ಒಂದು ಮನೆಯ ಗೃಹಪ್ರವೇಶವನ್ನು ಅದರಲ್ಲೇ ತೆಗೆದೆ.

ಅವರದು ಆ ಊರಿನ ಹಳೆಯ ಮನೆತನ. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಹೊಸ ಮನೆ. ಮನೆಯ ಅಜ್ಜಿಗೆ ಮಾತ್ರ ಕಾರ್ಯಕ್ಕೆ ಬರಲಾಗಿರಲಿಲ್ಲ. ಕಾಲು ಮುರಿದುಕೊಂಡು ಹಿಂದಿನ ಬೀದಿಯ ಹಳೆ ಮನೆಯಲ್ಲಿ ಮಲಗಿದ್ದರು. ಈಗ ಇಂಥ ಮನೆಗಳಲ್ಲೊಂದು ರೂಢಿಯಾಗಿದೆ. ಆಲ್ಬಂ ಬರುವ ಮುಂಚೆ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿ, ನೆಂಟರನ್ನೆಲ್ಲ ಕೂರಿಸಿಕೊಂಡು, ಬಜ್ಜಿ ತಿನ್ನುತ್ತ ಕಾರ್ಯವನ್ನು ಇನ್ನೊಮ್ಮೆ ನೋಡುತ್ತಾರೆ. ಅಜ್ಜಿ ಅದಕ್ಕೇ ಕಾದಿದ್ದರು. ಹಸು ಹೊಸ್ತಿಲು ದಾಟಿದ್ದನ್ನು ಅವರು ನೋಡಬೇಕಿತ್ತು.

ಭಾನುವಾರ ಮಧ್ಯಾಹ್ನ ಅವರ ಮೊಮ್ಮಗನ ಫೋನು ಬಂತು.

“ಅಂಕಲ್, ಟಿವೀಲಿ ಒಂದು ಫೋಟೊನೂ ಓಪನ್ ಆಗ್ತಿಲ್ಲ. ಎಲ್ರೂ ಬಂದು ಕೂತಿದಾರೆ.”

“ಲ್ಯಾಪ್‌ಟಾಪಿಗೆ ಹಾಕಿ ನೋಡಪ್ಪ.”

“ಇದು ಆಫೀಸ್ದು ಅಂಕಲ್, ಪೆನ್‌ಡ್ರೈವ್ ತಗೊಳಲ್ಲ.”

ಹಿಂದಿನಿಂದ ಯಾರೋ ಹಿರಿಯರ ದನಿ ಕೇಳಿಸಿತು: “ಹೊಸಾ ಕ್ಯಾಮೆರಾ ಅಂತ ಮೆರೀತಿದ್ದ. ಒಳಗೆ ರೀಲೇ ಹಾಕಿರ್ಲಿಲ್ವೇನೋ, ಕೇಳ್ಲಾ!” ಇಡೀ ಹಾಲ್ ನಕ್ಕಿತು.

“ನಾನೇ ತರ್ತೀನಿ. ಅಜ್ಜಿಗೆ ಹೇಳು,” ಎಂದೆ.

ನನ್ನ ಹಳೆ ಕಂಪ್ಯೂಟರ್ ಒಂದೊಂದೇ ಫೋಟೊವನ್ನು ಜೆಪಿಜಿ ಮಾಡುತ್ತ ಕೂತಿತು. ನಾನು ಅದರ ಮುಂದೆ ಕೂತೆ. ಆಲ್ಬಂ ಲ್ಯಾಬಿನವರು ಜೆಪಿಜಿ ಕಳಿಸಿ ಅಂದಿದ್ದರು. ಕಮರ್ಷಿಯಲ್ ಸ್ಟ್ರೀಟಿನ ಹತ್ತಿರದ ಫ್ಲೆಕ್ಸ್ ಅಂಗಡಿಯವನದೂ ಅದೇ ಮಾತು. ಅರ್ಜಿ ಹಾಕುವ ವೆಬ್‌ಸೈಟುಗಳೂ ಅದನ್ನೇ ಕೇಳುತ್ತವೆ. ಒಂದು ಫೈಲು ಬದಲಾಗಬೇಕಾದರೆ ಇಡೀ ಬೀದಿಯೇ ಬದಲಾಗಬೇಕು. ವಸ್ತು ಒಳ್ಳೆಯದಾಗಿದ್ದರೆ ಸಾಲದು, ಪ್ರತಿ ಮನೆಯೂ ಅದಕ್ಕೆ ಬಾಗಿಲು ತೆರೆಯಬೇಕು. ಅಲ್ಲಿಯವರೆಗೆ ಓಡಾಟ ನಮ್ಮಂಥವರದು.

ಹಲಸೂರು, ಇಂದಿರಾನಗರ ದಾಟಿ, ಟಿನ್ ಫ್ಯಾಕ್ಟರಿ ಬಳಿ ಬಸ್ಸುಗಳ ಹೊಗೆ ಕುಡಿದು ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ನೆಂಟರು ಹೊರಟುಹೋಗಿದ್ದರು. ಹಳೆ ಮನೆಯ ಹಾಲ್‌ನಲ್ಲಿ ಮಂಚದ ಮೇಲೆ ಅಜ್ಜಿ ಮಾತ್ರ ಟಿವಿಯತ್ತ ಮುಖ ಮಾಡಿ ಒರಗಿದ್ದರು.

“ಬಂದ್ಯೇನಪ್ಪಾ? ಹಾಕು, ಹಾಕು.”

ಮೊಮ್ಮಗ ಪೆನ್‌ಡ್ರೈವ್ ಸಿಕ್ಕಿಸಿದ. ಹಸುವಿನ ಫೋಟೊ ಬಂದಾಗ ಅಜ್ಜಿ ಕೈಯೆತ್ತಿದರು. “ನಿಲ್ಸು. ಬಲಗಾಲು ಇಟ್ಕಂಡೇ ಒಳಕ್ಕೆ ಬಂದ್ಳಾ?”

“ಹೂಂ ಅಜ್ಜಿ, ಬಲಗಾಲೇ. ನೋಡಿ,” ಎಂದೆ.

ಅವರು ಕೈಮುಗಿದರು. ಹಸುವಿನ ಹಿಂದಿನ ಆಕಾಶದಲ್ಲಿ ಪಟ್ಟೆಗಳೆದ್ದಿದ್ದವು. ನನಗೆ ಕಂಡಿತು, ಅವರಿಗಿಲ್ಲ. ಕೊನೆಯವರೆಗೂ ನೋಡಿ, “ಎಲ್ರೂ ಅವ್ರೆ. ನಾನೊಬ್ಳೇ ಇಲ್ಲ,” ಎಂದರು.

ಹಸುವಿನ ಫೋಟೊ ಮತ್ತೆ ಹಾಕಿಸಿದೆ. ಮಂಚವನ್ನು ಟಿವಿ ಪಕ್ಕಕ್ಕೆ ಎಳೆದೆವು. ಕ್ಯಾಮೆರಾ ತೆಗೆದು, ಮೊದಲು ಮೆನುವಿಗೆ ಹೋಗಿ ಜೆಪಿಜಿ ಒತ್ತಿದೆ.

“ಮುಂದೆ ಬರೋ ಟಿವಿಗಳು ಹೊಸದನ್ನೂ ತಗೊಳ್ತವೆ ಅಂಕಲ್,” ಎಂದ ಮೊಮ್ಮಗ.

“ತಗೊಳ್ಲಿ ಬಿಡಪ್ಪ. ಆವಾಗ ನೋಡೋಣ. ಅಜ್ಜಿ, ಸೆರಗು ಸರಿ ಮಾಡ್ಕೊಳ್ಳಿ.”

ತೆಗೆದದ್ದನ್ನು ಅಲ್ಲೇ ಟಿವಿಗೆ ಹಾಕಿದರೆ ತಕರಾರಿಲ್ಲದೆ ತೆರೆಯಿತು. ಅಜ್ಜಿ, ಅವರ ಭುಜದ ಹಿಂದೆ ಹೊಸ್ತಿಲ ಮೇಲೆ ಕಾಲೆತ್ತಿದ ಹಸು. ಅವರು ತುಂಬ ಹೊತ್ತು ನೋಡಿದರು.

“ಈಗ ಸರಿ ಹೋಯ್ತು. ಕಾಪಿ ಕುಡ್ಕಂಡು ಹೋಗು.”

ಬೇಡ ಅನ್ನಲೂ ತ್ರಾಣವಿರಲಿಲ್ಲ. ಕೂತೆ.