ರಿಜಿಸ್ಟರಿನಲ್ಲಿ ಇಲ್ಲದ ಹೆರಿಗೆಗಳು

ಆ ಮೇಲ್ ಬಂದಾಗ ನಾನು ಆವತಿಯ ತವರುಮನೆಯಲ್ಲಿ ಅತ್ತಿಗೆಯ ಎದುರು ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಬೆರಳ ತುದಿಗಳು ನೀರಿನಲ್ಲಿ ಸುಕ್ಕಾಗಿದ್ದರಿಂದ ಫೋನು ತೆರೆಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಒತ್ತಿದೆ. ನಾನು ಸಲಹೆಗಾರಳಾಗಿದ್ದ ನೆರವು ಸಂಸ್ಥೆಯವರು ಬರೆದಿದ್ದರು. ಹಣ ಕೊಡುತ್ತಿದ್ದ ದೇಶಗಳು ಕೈ ಹಿಂದೆಗೆದಿವೆ, ಬೆಟ್ಟದ ಜಿಲ್ಲೆಯ ಒಂಬತ್ತು ಕೇಂದ್ರಗಳಲ್ಲಿ ನಾಲ್ಕನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯ, ಯಾವ ನಾಲ್ಕು ಎಂಬುದನ್ನು ಹತ್ತು ದಿನದೊಳಗೆ ನೀವು ಸೂಚಿಸಬೇಕು.

"ಏನಂತಮ್ಮಾ?" ಎಂದರು ಅತ್ತಿಗೆ.

"ಕೆಲ್ಸದ್ದು ಅತ್ಗೆ. ಐದು ಆಸ್ಪತ್ರೆ ಮುಚ್ಬೇಕಂತೆ. ಯಾವ್ಯಾವ್ದು ಅಂತ ನಾನು ಹೇಳ್ಬೇಕಂತೆ."

"ಇಲ್ಲಿ ಕೂತ್ಕೊಂಡಾ?"

ಅವರು ಚುಚ್ಚಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ್ದು. "ಹೂಂ, ಇಲ್ಲಿ ಕೂತ್ಕೊಂಡೇ" ಎಂದು ಕಾಳಿನ ಪಾತ್ರೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ.

ಆ ಕೇಂದ್ರಗಳಿದ್ದ ದೇಶದ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿ ಇನ್ನೂ ಇರುವ ಕೆಲವರಿಗೆ ತೊಂದರೆಯಾಗಬಹುದು. ವರ್ಷಗಟ್ಟಲೆ ಯುದ್ಧ ನಡೆದು, ರಾಜಧಾನಿ ದಾಟಿದರೆ ಸರ್ಕಾರ ಹೆಸರಿಗಷ್ಟೇ ಉಳಿದಿದ್ದ ಬೆಟ್ಟಗಳ ದೇಶ ಅದು ಎಂದರೆ ಸಾಕು.

ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸರ್ಕಾರಿ ಡಾಕ್ಟರಾಗಿದ್ದವಳು, ಬಹುಪಾಲು ತೂಬಗೆರೆ ಕಡೆಯ ಹಳ್ಳಿಗಳಲ್ಲಿ. ಬಸುರಿಯರು, ಬಾಣಂತಿಯರು, ಮಕ್ಕಳ ಲಸಿಕೆ, ಇದೇ ನನ್ನ ಬದುಕು. ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡ ಮೇಲೆ, ಎಲ್ಲೋ ನನ್ನ ತರಬೇತಿ ನೋಡಿದ್ದ ಈ ಸಂಸ್ಥೆಯವರು ಕರೆದರು. ಅವರ ಕಾರ್ಯಕ್ರಮ ನನಗೆ ಹಿಡಿಸಿತು. ಹೆರಿಗೆ ಮಾಡಿಸುವ ಮನೆಯಲ್ಲಿಯೇ ಹುಡುಗಿಯರಿಗೆ ಓದು ಬರಹದ ತರಗತಿ. ಹೆಂಗಸರೇ ಹೋಗಿಬರುವ ಜಾಗವಾದ್ದರಿಂದ ಹುಡುಗಿಯರನ್ನು ಅಲ್ಲಿಗೆ ಕಳಿಸಲು ಗಂಡಸರು ಅಷ್ಟು ತಕರಾರು ಮಾಡುತ್ತಿರಲಿಲ್ಲ. ನಾನು ಎರಡು ಸಲ ಹೋಗಿಬಂದೆ. ಆಮೇಲೆ ದಾರಿಗಳು ಕೆಟ್ಟವು, ಹೋಗುವುದು ಬೇಡ ಎಂದರು. ದೊಡ್ಡಬಳ್ಳಾಪುರದ ನಮ್ಮ ಮನೆಯ ಊಟದ ಮೇಜಿನಿಂದಲೇ ಸಲಹೆ ಕೊಡತೊಡಗಿದೆ.

ಒಂಬತ್ತರಲ್ಲಿ ಎಲ್ಲಕ್ಕಿಂತ ದೂರದ ಕೇಂದ್ರಕ್ಕೆ ನಾನು ಆ ದೇಶದ ಎರಡನೆಯ ಪ್ರವಾಸದಲ್ಲಿ ಹೋಗಿದ್ದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಜೀಪು, ಆಮೇಲೆ ನಡಿಗೆ. ಕಲ್ಲು ಮಣ್ಣಿನ ಮೂರು ಕೋಣೆಯ ಮನೆ. ಒಳಕೋಣೆಯಲ್ಲಿ ಹೆರಿಗೆ, ಮುಂದಿನ ಕೋಣೆಯಲ್ಲಿ ಬೆಳಿಗ್ಗೆ ತರಗತಿ. ಎರಡನ್ನೂ ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ದಾದಿ. ನಲವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಪಕ್ಕದ ದೇಶದ ನಿರಾಶ್ರಿತರ ಶಿಬಿರದಲ್ಲಿ ಬೆಳೆದಿದ್ದರಿಂದ ಅವಳಿಗೆ ಉರ್ದು ಬರುತ್ತಿತ್ತು. ನನ್ನದು ದೊಡ್ಡಬಳ್ಳಾಪುರದ ಮಗ್ಗದ ಕೇರಿಗಳ ರೋಗಿಗಳಿಂದ ಕಲಿತ ಉರ್ದು. ನಾನು ಬಾಯಿ ತೆರೆದ ಕೂಡಲೇ ಅವಳು ನಕ್ಕುಬಿಟ್ಟಳು. "ಬಾಜಿ, ಇದು ಉರ್ದುವಾ?" ಎಂದಳು. ಅಕ್ಕ ಎನ್ನುವ ಹಾಗೆ ಕೊನೆಯತನಕ ನನ್ನನ್ನು ಬಾಜಿ ಎಂದೇ ಕರೆದಳು.

ನಾನು ಮೊದಲು ಕೇಳಿದ್ದು ಹೆರಿಗೆಯ ರಿಜಿಸ್ಟರನ್ನು. ತಿಂಗಳಿಗೆ ಎರಡು ಮೂರು ಹೆಸರು, ಕೆಲವು ತಿಂಗಳು ಅದೂ ಇಲ್ಲ. "ಇಷ್ಟೇನಾ?" ಎಂದು ಕೇಳಿದೆ. ಇಲ್ಲಿ ನಮ್ಮ ಸಿಬ್ಬಂದಿಯನ್ನು ಕೇಳುತ್ತಿದ್ದ ಅದೇ ದನಿಯಲ್ಲಿ.

ಅವಳು ಮುಂಬಾಗಿಲು ಮುಚ್ಚಿ ಬಂದು ಕೂತಳು. "ಹೆಂಡತಿಯ ಹೆಸರು ಪುಸ್ತಕದಲ್ಲಿ ಬರೆಯೋದು ಇಲ್ಲಿಯ ಗಂಡಸರಿಗೆ ಆಗಲ್ಲ ಬಾಜಿ. ಬರೆದೆ ಅಂತ ಗೊತ್ತಾದರೆ ಮುಂದಿನ ಸಲ ಕಳಿಸಲ್ಲ, ಮನೆಯಲ್ಲೇ ಸಾಯಲಿ ಅಂತಾರೆ. ಬರಿ ಅಂದವರದ್ದು ಮಾತ್ರ ಬರೀತೀನಿ."

"ಮಿಕ್ಕವರ ಲೆಕ್ಕ?"

"ಬನ್ನಿ, ತೋರಿಸ್ತೀನಿ."

ಆ ಮಧ್ಯಾಹ್ನ ಅವಳು ನನ್ನನ್ನು ಮನೆಮನೆಗೆ ಕರೆದುಕೊಂಡು ಹೋದಳು. ಪ್ರತಿ ಮನೆಯಲ್ಲೂ ಹೆಂಗಸರು ಕೂಸುಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. ಇದು ನಾನು ತೆಗೆದದ್ದು, ಇದು ಕಾಲು ಮುಂದಾಗಿ ಬಂದದ್ದು, ಇದರ ತಾಯಿ ಉಳಿಯೋದೇ ಇಲ್ಲ ಅಂದುಕೊಂಡಿದ್ದೆ ಎಂದು ದಾದಿ ಒಂದೊಂದನ್ನೂ ಪರಿಚಯ ಮಾಡಿಸಿದಳು. ಸಂಜೆಯ ಹೊತ್ತಿಗೆ ನನ್ನ ಬಟ್ಟೆಯೆಲ್ಲ ಹಾಲು ಕಕ್ಕಿದ ವಾಸನೆ. ನೋಡಿದ ಕೂಸುಗಳ ಲೆಕ್ಕವನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಪ್ರವಾಸದ ವರದಿಯಲ್ಲೂ ಒಂದು ಸಾಲು ಸೇರಿಸಿದೆ.

ಮರುದಿನ ಬೆಳಿಗ್ಗೆ ತರಗತಿಯಲ್ಲಿ ಕೂತಿದ್ದೆ. ಹಿಂದಿನ ಸಾಲಿನಲ್ಲಿ ಹೊಸದಾಗಿ ಮದುವೆಯಾದ ಒಬ್ಬ ಹುಡುಗಿ. ಅತ್ತೆಯ ಅಪ್ಪಣೆ ಪಡೆದು ಬರುತ್ತಿದ್ದಳು. ನಿಮ್ಮ ಭಾಷೆಯಲ್ಲಿ ನನ್ನ ಹೆಸರು ಬರೆಯಿರಿ ಎಂದು ದಾದಿಯ ಮೂಲಕ ಕೇಳಿದಳು. ಹಲಗೆಯ ಮೇಲೆ ಕನ್ನಡದಲ್ಲಿ ಬರೆದೆ. "ಎಲ್ಲ ಅಕ್ಷರಗಳೂ ದುಂಡಗೆ ರೊಟ್ಟಿಯ ಹಾಗಿವೆ, ಇದನ್ನು ಓದುವವರಿಗೆ ಹಸಿವಾಗಲ್ವಾ?" ಎಂದಳು. ತರಗತಿಯೆಲ್ಲ ನಕ್ಕಿತು. ಅವಳು ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಅದನ್ನೇ ತಿದ್ದಿದಳು.

ಪಟ್ಟಿ ಮಾಡುವಾಗ ಇದೆಲ್ಲ ನನಗೆ ನೆನಪಿರಲಿಲ್ಲವೇ? ಇತ್ತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂಸ್ಥೆಯವರು ಕಳಿಸಿದ ನಮೂನೆಯಲ್ಲಿ ದಾಖಲಾದ ಹೆರಿಗೆ, ಕೊಟ್ಟ ಲಸಿಕೆ, ರಸ್ತೆ, ದೂರ ಎಂದು ಕಾಲಂಗಳಿದ್ದವು. ತುಂಬುತ್ತಾ ಹೋದಂತೆ ಆ ಕೇಂದ್ರ ಕೊನೆಗೆ ಇಳಿಯಿತು. ಒಂದು ದಿನವೆಲ್ಲ ಹಾಗೇ ಬಿಟ್ಟಿದ್ದೆ. ಒಂಬತ್ತರಲ್ಲಿ ನಾನು ಕಣ್ಣಾರೆ ನೋಡಿದ್ದು ಮೂರನ್ನು ಮಾತ್ರ. ನೋಡಿದ್ದಕ್ಕೆ ಹೆಚ್ಚು ಅಂಕ ಕೊಟ್ಟು, ನೋಡದ ಆರಕ್ಕೆ ಪುಸ್ತಕದ ಪ್ರಕಾರ ಕೊಟ್ಟರೆ ಅನ್ಯಾಯವಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲರಿಗೂ ಒಂದೇ ಅಳತೆ. ಇಷ್ಟು ವರ್ಷ ಸರ್ಕಾರಿ ಕೆಲಸದಲ್ಲಿ ನಾನು ಹೆಸರು ಉಳಿಸಿಕೊಂಡದ್ದೇ ಹಾಗೆ. ಇನ್ನೊಂದು ಕಾರಣವೂ ಇತ್ತು. ಈ ಒಂದಕ್ಕೆ ಯಾಕೆ ವಿನಾಯಿತಿ ಎಂದು ಮೇಲಿನವರು ಕೇಳುತ್ತಾರೆ, ಅದಕ್ಕೆ ಪುಟಗಟ್ಟಲೆ ವಿವರಣೆ ಬರೆಯಬೇಕು ಎಂಬುದು. ನನಗೆ ಬೇಸರವಾಗಿತ್ತು. ಕಳಿಸಿಬಿಟ್ಟೆ.

ಎರಡು ತಿಂಗಳಾದ ಮೇಲೆ ದಾದಿ ಫೋನ್ ಮಾಡಿದಳು.

"ಔಷಧಿಯ ಪೆಟ್ಟಿಗೆ ತಗೊಂಡು ಹೋದರು ಬಾಜಿ. ಮಂಚವನ್ನೂ. ತರಗತಿಯೂ ಬೇಡವಂತೆ, ಹಲಗೆ ಮಾತ್ರ ಬಿಟ್ಟುಹೋಗಿದ್ದಾರೆ. ಇದನ್ನು ಯಾರು ತೀರ್ಮಾನ ಮಾಡಿದ್ದು, ನಿಮಗೇನಾದರೂ ಗೊತ್ತಾ?"

"ಮೇಲಿನವರು" ಎಂದೆ.

"ಸರಿ ಬಾಜಿ. ಹೆಂಗಸರು ಬರೋದು ನಿಲ್ಲಿಸಲ್ಲ, ನಾನು ಬರಿಗೈಯಲ್ಲೇ ಮಾಡ್ತೀನಿ" ಎಂದಳು. ರಕ್ತಸ್ರಾವ ನಿಲ್ಲಿಸುವ ಮಾತ್ರೆ ಸ್ವಲ್ಪವಾದರೂ ಕಳಿಸಲು ಆಗುತ್ತದೆಯೇ ಎಂದು ಕೇಳಿದಳು. ನೋಡುತ್ತೇನೆ ಎಂದೆ. ಸಂಸ್ಥೆಗೆ ಬರೆದೆ. ಮುಚ್ಚಿದ ಕೇಂದ್ರಕ್ಕೆ ಔಷಧಿ ಕೊಡಲು ನಿಯಮವಿಲ್ಲ ಎಂದು ಉತ್ತರ ಬಂತು. ಅದನ್ನು ಅವಳಿಗೆ ತಿಳಿಸಲು ಎರಡು ವಾರ ತಡ ಮಾಡಿದೆ.

ಆ ವರ್ಷದ ಮಳೆಗಾಲ. ದೊಡ್ಡಬಳ್ಳಾಪುರದಲ್ಲಿ ಆಶಾ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ ಇತ್ತು, ನನ್ನನ್ನು ಪಾಠಕ್ಕೆ ಕರೆದಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತು. ಬಿ.ಪಿ. ನೋಡುವುದನ್ನು ತೋರಿಸುತ್ತಾ ಒಬ್ಬಳ ತೋಳಿಗೆ ಪಟ್ಟಿ ಸುತ್ತಿದ್ದೆ. ಫೋನಿನಲ್ಲಿ ದಾದಿಯ ಕರೆ. ಪಟ್ಟಿಯನ್ನು ಹಾಗೇ ಬಿಟ್ಟು ವರಾಂಡಕ್ಕೆ ಓಡಿದೆ.

"ಬಾಜಿ, ಕೂಸು ಬಂತು. ರಕ್ತ ನಿಲ್ತಾ ಇಲ್ಲ."

"ಮಾಸು ಪೂರ್ತಿ ಬಂತಾ?"

"ಬಂತು, ನೋಡಿದೆ. ಹೊಟ್ಟೆ ನೀವಿದೆ. ಕೂಸನ್ನು ಎದೆಗೆ ಹಾಕಿದೆ. ಗರ್ಭಕೋಶ ಗಟ್ಟಿಯಾಗ್ತಿಲ್ಲ, ಹಿಟ್ಟಿನ ಹಾಗಿದೆ."

ಮಾತ್ರೆ ಇದೆಯಾ ಎಂದು ಕೇಳಲು ಬಾಯಿ ತೆರೆದು ಮುಚ್ಚಿದೆ. ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ, ಎರಡರ ನಡುವೆ ಗರ್ಭಕೋಶವನ್ನು ಅದುಮಿ ಹಿಡಿ ಎಂದೆ. ಕೈ ಸೋತರೂ ಬಿಡಬೇಡ ಎಂದೆ. ಫೋನನ್ನು ಬೇರೆ ಯಾರೋ ಹಿಡಿದುಕೊಂಡಿದ್ದರು, ಬಹುಶಃ ಬಾಣಂತಿಯ ಅತ್ತೆ. ಅವರ ಪ್ರಾರ್ಥನೆ ಕೇಳುತ್ತಿತ್ತು, ಅದರ ಹಿಂದೆ ದಾದಿಯ ಏದುಸಿರು. ಅದುಮು, ಅದುಮು ಎಂದು ಕೂಗುತ್ತಲೇ ಇದ್ದೆ. ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ನನಗೆ ಗೊತ್ತಿತ್ತು, ಆ ಕಾಲಂ ತುಂಬಿದವಳು ನಾನೇ. ಕರೆ ಕಡಿದುಹೋಯಿತು. ಮತ್ತೆ ಮಾಡಿದೆ, ಹೋಗಲಿಲ್ಲ. ಇಪ್ಪತ್ತು ಸಲವಾದರೂ ಮಾಡಿರಬೇಕು.

ತಿರುಗಿದರೆ ಹಿಂದೆ ಒಬ್ಬ ಆಶಾ ಕಾರ್ಯಕರ್ತೆ ನಿಂತಿದ್ದಳು. ತೂಬಗೆರೆ ಕಡೆಯವಳು, ನನ್ನ ಕೈಕೆಳಗೆ ಹತ್ತು ವರ್ಷ ಕೆಲಸ ಮಾಡಿದವಳು. ತೋಳಿನಲ್ಲಿ ಬಿ.ಪಿ. ಪಟ್ಟಿ ಇನ್ನೂ ಹಾಗೇ ಇತ್ತು.

"ಯಾರ್ ಮೇಡಂ ಅದು? ಉಳೀತಾಳಾ?"

"ಗೊತ್ತಿಲ್ಲ ಕಣಮ್ಮ."

ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟೆ. ಮನೆಯಲ್ಲಿ ಯಜಮಾನರಿಗೂ ಹೇಳಿರಲಿಲ್ಲ. ರಿಜಿಸ್ಟರು, ಮನೆಮನೆ ತಿರುಗಿದ್ದು, ನಾನು ಮಾಡಿ ಕಳಿಸಿದ ಪಟ್ಟಿ. ಅವಳು ತೋಳಿನ ಪಟ್ಟಿ ಬಿಚ್ಚಿ ಮಡಿಸುತ್ತಾ ಕೇಳಿಸಿಕೊಂಡಳು.

"ಅಂಗಾರೆ ನೀವೇ ಹೋಗಿ ನೋಡಿದ್ರಿ. ಕೂಸ್ಗಳ್ನ ಮಡ್ಲಾಗೆ ಹಾಕ್ಕಂಡಿದ್ರಿ. ಆಮ್ಯಾಕೆ ಇಲ್ಲಿ ಬಂದು ಪುಸ್ತ್ಕ ನೋಡ್ಬುಟ್ಟು ಮುಚ್ಸಿದ್ರಾ ಮೇಡಂ?"

ಅವಳು ಆ ಮಾತನ್ನು ಮೆತ್ತಗೆ ಮಾಡಲೂ ಇಲ್ಲ, ತಪ್ಪು ತಿಳ್ಕೋಬೇಡಿ ಎಂದೂ ಅನ್ನಲಿಲ್ಲ. "ಒಳೀಕ್ ಬನ್ನಿ, ಎಲ್ರೂ ಕಾಯ್ತಾವ್ರೆ" ಎಂದು ನಡೆದಳು. ಹೋಗಿ ಪಾಠ ಮುಗಿಸಿದೆ. ಏನು ಹೇಳಿದೆನೋ ನೆನಪಿಲ್ಲ.

ಮೂರು ದಿನ ಫೋನನ್ನು ಕೈಯಿಂದ ಇಳಿಸಲಿಲ್ಲ. ನಾಲ್ಕನೆಯ ದಿನ ದಾದಿಯೇ ಮಾಡಿದಳು. ಅವತ್ತಿನಿಂದ ಊರಿನಲ್ಲಿ ಸಿಗ್ನಲ್ ಇಲ್ಲದೆ, ಅದು ಸಿಗುವ ಗುಡ್ಡದವರೆಗೆ ನಡೆದು ಬಂದಿದ್ದಾಳೆ ಎಂದು ಉಸಿರಿನಿಂದಲೇ ತಿಳಿಯಿತು. ಆ ದಿನವೇ ಹೋದಳು ಬಾಜಿ, ಎಂದಳು. ಕೂಸು ಹೆಣ್ಣು, ಉಳಿದಿದೆ, ಮೇಕೆಯ ಹಾಲು ಕುಡಿಸುತ್ತಿದ್ದಾರೆ.

"ಯಾರು ಆ ಹುಡುಗಿ?"

"ನಿಮ್ಮ ಅಕ್ಷರ ನೋಡಿ ರೊಟ್ಟಿ ಅಂದವಳು."

ನಾನು ಕುರ್ಚಿಯಲ್ಲಿ ಕೂತಿದ್ದೆ. ಎದ್ದು ನಿಂತೆ, ಮತ್ತೆ ಕೂತೆ. ಇನ್ನು ಮುಚ್ಚಿಡಲು ಆಗಲಿಲ್ಲ. "ಆ ಪಟ್ಟಿ ಮಾಡಿದ್ದು ಮೇಲಿನವರಲ್ಲ. ನಾನು. ಅವತ್ತು ನಿನಗೆ ಸುಳ್ಳು ಹೇಳಿದೆ" ಎಂದೆ.

"ಗೊತ್ತು ಬಾಜಿ. ಪೆಟ್ಟಿಗೆ ತಗೊಂಡು ಹೋಗೋಕೆ ಬಂದವರು ಕಾಗದ ತೋರಿಸಿದ್ದರು. ಕೆಳಗೆ ನಿಮ್ಮ ಹೆಸರಿತ್ತು."

ಅಂದರೆ, ಯಾರು ತೀರ್ಮಾನ ಮಾಡಿದ್ದು ಎಂದು ನನ್ನನ್ನು ಕೇಳುವ ಮೊದಲೇ ಅವಳಿಗೆ ತಿಳಿದಿತ್ತು.

"ಮತ್ತೆ ಅವಳಿಗೆ ರಕ್ತ ಹೋಗುವಾಗ ನನಗೇ ಯಾಕೆ ಫೋನ್ ಮಾಡಿದೆ?"

"ನನ್ನ ಹತ್ತಿರ ಇನ್ನೊಬ್ಬ ಡಾಕ್ಟರ ನಂಬರ್ ಇರಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಅಳಬಹುದಿತ್ತು, ಕ್ಷಮಿಸು ಎನ್ನಬಹುದಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ.

ಆ ವಾರ ಸಂಸ್ಥೆಗೆ ಬರೆದೆ. ಹಿಂದೆ ಬೇಸರಪಟ್ಟು ಬರೆಯದೆ ಬಿಟ್ಟ ಆ ಪುಟಗಟ್ಟಲೆ ವಿವರಣೆಯನ್ನು ಈಗ ಬರೆದೆ. ಆ ಊರಿನಲ್ಲಿ ರಿಜಿಸ್ಟರು ಯಾಕೆ ಖಾಲಿ, ನಾನು ಏನು ನೋಡಿದ್ದೆ, ನೋಡಿಯೂ ಏನು ಮಾಡಿದೆ ಎಂಬುದೆಲ್ಲ. ತಪ್ಪು ನನ್ನದು, ಆ ಕೇಂದ್ರವನ್ನು ಮತ್ತೆ ತೆರೆಯಿರಿ ಎಂದು ಕೇಳಿಕೊಂಡೆ. ಸಭ್ಯವಾದ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ವಂದನೆಗಳು, ಮುಂದಿನ ಪರಿಶೀಲನೆಯಲ್ಲಿ ಇದನ್ನು ಗಮನಿಸಲಾಗುವುದು. ಮುಂದಿನ ಪರಿಶೀಲನೆಯ ಹೊತ್ತಿಗೆ ಉಳಿದಿದ್ದ ನಾಲ್ಕೂ ಮುಚ್ಚಿದ್ದವು. ನಾನು ಕೆಲಸ ಬಿಟ್ಟೆ. ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನನ್ನ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವ ಅಗತ್ಯವೂ ಅವರಿಗೆ ಬೀಳಲಿಲ್ಲ.

ದಾದಿ ಮತ್ತೂ ಒಂದು ವರ್ಷ ಅಲ್ಲೇ ಇದ್ದಳು. ತೊಡಕಿನ ಹೆರಿಗೆ ಇದ್ದರೆ ಫೋನ್ ಮಾಡುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಒಂದು ಸಲವೂ ಆ ಮಾತು ಎತ್ತಲಿಲ್ಲ. ಆಮೇಲೆ ಹೆಂಗಸರು ಒಂಟಿಯಾಗಿ ಮನೆ ಹೊರಗೆ ಕೆಲಸ ಮಾಡಬಾರದು ಎಂದು ಆ ಕಡೆ ಅಧಿಕಾರ ಹಿಡಿದ ಹೊಸ ಯಜಮಾನರು ಕಟ್ಟು ಮಾಡಿದರು. ಅವಳು ಗಡಿ ದಾಟಿ, ಚಿಕ್ಕಂದಿನಲ್ಲಿ ಬೆಳೆದ ಅದೇ ಶಿಬಿರಕ್ಕೆ ಹೋದಳು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿದೆ, ಹೆರಿಗೆ ಕೋಣೆಯ ಒಳಗೆ ಬಿಡುವುದಿಲ್ಲ ಎಂದು ದನಿಯ ಸಂದೇಶ ಕಳಿಸಿದ್ದಳು.

"ಹೊರಗೆ ನಿಂತುಕೊಂಡು ಒಳಗಿನ ಕೂಗು ಕೇಳಿದರೆ ಎಷ್ಟು ಹೊತ್ತಿಗೆ ಆಗುತ್ತೆ ಅಂತ ಗೊತ್ತಾಗುತ್ತೆ ಬಾಜಿ. ಆದರೆ ನನ್ನನ್ನು ಯಾರೂ ಕೇಳಲ್ಲ."

ಆ ಕೂಸಿನ ಬಗ್ಗೆ ಕೇಳಿದೆ. ತಾನು ಹೊರಡುವಾಗ ಗೋಡೆ ಹಿಡಿದು ನಿಲ್ಲುತ್ತಿತ್ತು, ಅಜ್ಜಿ ಸಾಕುತ್ತಿದ್ದಾಳೆ, ಅಜ್ಜಿಗೂ ವಯಸ್ಸಾಯಿತು ಎಂದಳು. ತರಗತಿಯ ಬೇರೆ ಹುಡುಗಿಯರು ಏನಾದರು ಎಂದು ಕೇಳಿದೆ. ಕೆಲವರ ಮದುವೆಯಾಯಿತು, ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ. ಈ ಎರಡು ಪ್ರಶ್ನೆಗಳಿಗೆ ಕೊಟ್ಟದ್ದೇ ಅವಳ ಕೊನೆಯ ಉತ್ತರ. ಹೋದ ಚಳಿಗಾಲದಿಂದ ಆ ನಂಬರಿಗೆ ಕರೆ ಹೋಗುತ್ತಿಲ್ಲ.