ನಾಗರತ್ನ ಮೇಡಂ ಅವರ ಎರಡು ಸ್ಟೇಷನ್

ಐದು ಅಂಕದ ಉತ್ತರಕ್ಕೆ ಒಂದು ಸ್ಟೇಷನ್, ಹತ್ತು ಅಂಕದ್ದಕ್ಕೆ ಎರಡು. ರೈಲು ಅಷ್ಟು ದೂರ ಹೋಗುವುದರೊಳಗೆ ಹೇಳಿ ಮುಗಿಸಬೇಕು, ನಾಗರತ್ನ ಮೇಡಂ ಲೆಕ್ಕ ಇಷ್ಟೇ. ಬಂಗಾರಪೇಟೆಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಅವರು ಊರಿಗಾಂನಲ್ಲಿ ರೈಲು ಹತ್ತುತ್ತಿದ್ದರು. ಮಾರಿಕುಪ್ಪಂನಿಂದ ಬರುವ ನಾವು ಬಿ.ಎ. ಹುಡುಗಿಯರು ಅವರಿಗೆ ಜಾಗ ಹಿಡಿದಿರುತ್ತಿದ್ದೆವು. ಪರೀಕ್ಷೆ ಹತ್ತಿರ ಬಂತೆಂದರೆ ಕೂತ ಕೂಡಲೇ ನಮ್ಮ ಗೈಡು ಕಿತ್ತುಕೊಂಡು, ಎದುರಿಗೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸನ್ನು ತೋರಿಸುತ್ತಿದ್ದರು.

"ಈಯಮ್ಮಂಗೆ ಅರ್ಥ ಆಗೋ ಅಂಗೆ ಏಳು. ಅವ್ರು ಊಂ ಅಂದ್ರೆ ಮಾರ್ಕ್ಸು."

ತರಗತಿಯಲ್ಲಿ ಅಚ್ಚುಕಟ್ಟಾಗಿ ಪುಸ್ತಕದ ಕನ್ನಡ ಆಡುವ ಬಾಯಿ ರೈಲಿನಲ್ಲಿ ಹೀಗೆ ಸಡಿಲವಾಗುತ್ತಿತ್ತು.

ನಾನು ಉರು ಹೊಡೆಯುವವಳು. ಒಂದು ಸಾಲು ಮರೆತರೆ ಇಡೀ ಉತ್ತರ ಮಾಯ. ಹಿಂದಿನ ವರ್ಷ ಇತಿಹಾಸದಲ್ಲಿ ಹಾಗೇ ಫೇಲಾಗಿದ್ದೆ. ಕೊನೆಯ ವರ್ಷವೂ ಹಾಗಾದರೆ ಓದು ಬಿಡಿಸಿ ಗಾರ್ಮೆಂಟ್ಸಿಗೆ ಸೇರಿಸುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದ. ಹೆದರಿಕೆಗೆ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೆಯ ಇತಿಹಾಸದ ಪ್ರಾಜೆಕ್ಟೊಂದಕ್ಕೆ ನನ್ನ ಹೆಸರು ಹಾಕಿಸಿ ಮೇಡಂಗೆ ಕೊಟ್ಟೆ. ಕೃತಜ್ಞತೆಯ ಪುಟವನ್ನು ಓದಬೇಕೆಂದು ಈ ಜಾಣೆಗೆ ಹೊಳೆಯಲಿಲ್ಲ.

ಮೇಡಂ ಅದನ್ನು ರೈಲಿನಲ್ಲೇ ಬಿಚ್ಚಿದರು. "'ಗಣಿಯ ಆಳದಲ್ಲಿ ದುಡಿದು ನನ್ನನ್ನು ಓದಿಸಿದ ತಂದೆಗೆ.' ನಿಮ್ಮಪ್ಪ ಯಾವಾಗಮ್ಮಾ ಗಣಿಗೆ ಇಳ್ದಿದ್ದು? ಡೈರಿಗೆ ಆಲು ಆಕ್ತಾರೆ ಅಂತ ಮೊನ್ನೆ ನೀನೇ ಏಳಿದ್ದೆ."

ಸೊಪ್ಪಿನಾಕೆ ಕಿಸಕ್ಕನೆ ನಕ್ಕಳು. ನನಗೆ ಅಳು ಬಂತು.

"ಅಳಬೇಡ. ವೈವಾಗೆ ಇನ್ನೂ ಎಂಟು ದಿನ ಐತೆ. ನಿಮ್ಮೂರ್ಗೆ ಡೈರಿ ಎಂಗೆ ಬಂತು, ಅದನ್ನೇ ಬರಿ. ನಿಮ್ಮಮ್ಮನ್ನ ಕೇಳು. ಇತಿಹಾಸ ಅಂದ್ರೆ ಇನ್ನೇನು ಅಂದ್ಕೊಂಡಿದ್ದೆ?"

ಬೆಳಗ್ಗೆ ಹಾಲು ಕರೆಯುತ್ತಾ ಅಮ್ಮ ಹೇಳಿದಳು, ನಾನು ಬರೆದೆ. ಡೈರಿ ಬರುವ ಮುಂಚೆ ಅವಳು ಕ್ಯಾನು ಹೊತ್ತು ಗಣಿ ಕೆಲಸಗಾರರ ಲೈನುಗಳಲ್ಲಿ ಮನೆಮನೆಗೆ ಹಾಲು ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳಿದಾಗ, ಮೂಲೆಯಲ್ಲಿ ಕೂತ ಮೇಡಂ ಬೇಕೆಂದೇ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಸೊಪ್ಪಿನಾಕೆಯನ್ನು ನೆನೆದು ಶುರು ಮಾಡಿದೆ. ಎಲ್ಲಿಯೂ ತಡವರಿಸಲಿಲ್ಲ. ಪರೀಕ್ಷಕರು ಎರಡು ಸಲ ಊಂ ಅಂದರು.

ಈಗ ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ, ಅದೇ ರೈಲಿನಲ್ಲಿ ಓಡಾಡುತ್ತೇನೆ. ಮೇಡಂ ಹೋದ ವರ್ಷ ತೀರಿಕೊಂಡರು. ಊರಿಗಾಂನಲ್ಲಿ ರೈಲು ನಿಂತಾಗಲೆಲ್ಲ ಪಕ್ಕದಲ್ಲಿಟ್ಟ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಬಿಡುತ್ತೇನೆ.

ಮೊನ್ನೆ ಸಂಜೆ ಅದೇ ಜೆರಾಕ್ಸ್ ಅಂಗಡಿಯಲ್ಲಿ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆ ಬೈಂಡ್ ಹಾಕಿಸುತ್ತಿದ್ದಳು. ನೋಡಿದರೆ ನನ್ನದೇ. ಅಂಗಡಿಯವನು ಆಗ ಒಂದು ಪ್ರತಿ ಉಳಿಸಿಕೊಂಡಿದ್ದನೆಂದು ಕಾಣುತ್ತದೆ. 'ಹಾಲು ಕರೆದು ನನ್ನನ್ನು ಓದಿಸಿದ ತಾಯಿಗೆ' ಎಂಬ ನನ್ನ ಸಾಲಿನ ಕೆಳಗೆ ಅವಳ ಹೆಸರಿತ್ತು.

"ನಿಮ್ಮಮ್ಮ ಏನು ಕೆಲ್ಸ ಮಾಡ್ತಾರಮ್ಮಾ?"

"ಗಾರೆ ಕೆಲ್ಸಕ್ಕೆ ಓಗ್ತಾರಕ್ಕಾ," ಅಂದವಳು ನನ್ನ ಬೆರಳು ಯಾವ ಸಾಲಿನ ಮೇಲಿದೆ ಎಂದು ನೋಡಿ ತಲೆ ತಗ್ಗಿಸಿದಳು.

"ಮಾರಿಕುಪ್ಪಂ ರೈಲಿಗೇ ತಾನೇ ಓಗೋದು? ನಾನೂ ಬತ್ತೀನಿ ನಡಿ. ನಿಮ್ಮಮ್ಮಂದೇ ಏಳು. ನಿಧಾನಕ್ಕೆ ಏಳು, ಎರಡು ಸ್ಟೇಷನ್ ಟೈಮ್ ಐತೆ."